ಯಾರ ಪಕ್ಕ ನಿಲ್ಲಿಸಿ ಅಳೆಯುವುದು?



ಅಮೆರಿಕದ ಟೆಕ್ಸಸ್ ರಾಜ್ಯದ ಪಶ್ಚಿಮ ಭಾಗ ಬಹುಪಾಲು ಒಣ ಬಯಲು. ಮಳೆ ಕಡಿಮೆ, ಮುಳ್ಳುಕಂಟಿ ಜಾಸ್ತಿ. 1876ರಲ್ಲಿ ಆ ರಾಜ್ಯ ತನ್ನ ಸಂವಿಧಾನ ಬರೆದುಕೊಂಡಾಗ, ಮೊದಲ ದರ್ಜೆಯ ಒಂದು ವಿಶ್ವವಿದ್ಯಾಲಯ ಕಟ್ಟುತ್ತೇವೆ ಎಂದು ಅದರಲ್ಲೇ ಬರೆದು, ಅದರ ಖರ್ಚಿಗೆಂದು ಈ ಬಯಲಿನಲ್ಲಿ ಹತ್ತು ಲಕ್ಷ ಎಕರೆ ಬಿಟ್ಟುಕೊಟ್ಟಿತು. 1883ರಲ್ಲಿ, ವಿಶ್ವವಿದ್ಯಾಲಯ ಆಸ್ಟಿನ್ ನಗರದಲ್ಲಿ ಬಾಗಿಲು ತೆರೆದ ವರ್ಷವೇ, ಇನ್ನೊಂದು ಹತ್ತು ಲಕ್ಷ ಎಕರೆ ಕೊಟ್ಟಿತು. ಎಂಥ ಔದಾರ್ಯ ಎಂದು ಹೊಗಳಲು ಆತುರಪಡಬೇಡಿ. ಯಾರಿಗೂ ಬೇಡವಾಗಿದ್ದ ಜಮೀನು ಅದು. ದನ ಮೇಯಿಸುವವರಿಗೆ ಗುತ್ತಿಗೆ ಕೊಟ್ಟರೆ ಪುಡಿಗಾಸು ಹುಟ್ಟುತ್ತಿತ್ತು, ಅಷ್ಟೇ.

1923ರ ಮೇ 28ರಂದು ಅದೇ ಜಮೀನಿನ ಒಂದು ಕೊಳವೆಬಾವಿಯಲ್ಲಿ ಎಣ್ಣೆ ಚಿಮ್ಮಿತು. ಬಾವಿಯ ಹೆಸರು ಸಾಂತಾ ರೀಟಾ. ಆಗದ ಕೆಲಸಗಳನ್ನು ಆಗಿಸುವ ಸಂತಳು ಎಂದು ಕ್ಯಾಥೊಲಿಕ್ಕರು ನಂಬುವ ರೀಟಾಳ ಹೆಸರು ಅದು. ಅಲ್ಲಿಂದೀಚೆಗೆ ಬಂದ ಎಣ್ಣೆಯ ಹಣ ಒಂದು ಶಾಶ್ವತ ನಿಧಿಯಲ್ಲಿ ಕೂಡುತ್ತಾ ಬಂದು, ಯೂನಿವರ್ಸಿಟಿ ಆಫ್ ಟೆಕ್ಸಸ್ ಮತ್ತು ಅದರ ಪಾಲುದಾರ ಟೆಕ್ಸಸ್ ಎ ಆ್ಯಂಡ್ ಎಂ ಎರಡನ್ನೂ ದೇಶದ ಶ್ರೀಮಂತ ಸರ್ಕಾರಿ ವಿಶ್ವವಿದ್ಯಾಲಯಗಳ ಸಾಲಿಗೆ ತಂದಿತು.

ಇದನ್ನೇಕೆ ಮೊದಲಿಗೇ ಹೇಳಿದೆನೆಂದರೆ, ಆಸ್ಟಿನ್‌ನ ಈ ಸಂಸ್ಥೆ ಯಾವ ದಾನಿಯ ಆಸ್ತಿಯೂ ಅಲ್ಲ. ಇಡೀ ರಾಜ್ಯದ ಜನರ ನೆಲದಲ್ಲಿ ಹುಟ್ಟಿದ ಹಣ, ಇಡೀ ರಾಜ್ಯದ ಜನ ಕಟ್ಟಿದ ತೆರಿಗೆ. ಹಾಗಾದರೆ ಅದರ ಸೀಟು ಯಾರಿಗೆ? ಎಲ್ಲರಿಗೂ ಎನ್ನುವುದು ಸುಲಭ. ಎಲ್ಲರಿಗೂ ಜಾಗವಿಲ್ಲ ಎಂದಾದಾಗ ನಿಜವಾದ ಜಗಳ ಶುರುವಾಗುತ್ತದೆ. ಆ ಜಗಳಕ್ಕೆ ಟೆಕ್ಸಸ್ ಕಂಡುಕೊಂಡ ಒಂದು ವಿಚಿತ್ರ ಉತ್ತರದ ಬಗ್ಗೆ ಇವತ್ತು ಮಾತಾಡುತ್ತೇನೆ.

ಆರಂಭದ ದಶಕಗಳಲ್ಲಿ ಈ ಪ್ರಶ್ನೆಗೆ ಉತ್ತರ ಒರಟಾಗಿತ್ತು. ಕಪ್ಪು ಜನರಿಗೆ ಪ್ರವೇಶವೇ ಇರಲಿಲ್ಲ. 1946ರಲ್ಲಿ ಹ್ಯೂಸ್ಟನ್‌ನ ಹೀಮನ್ ಸ್ವೆಟ್ ಎಂಬ ಅಂಚೆಪೇದೆ ಕಾನೂನು ಕಾಲೇಜಿಗೆ ಅರ್ಜಿ ಹಾಕಿದರು. ಓದಿನಲ್ಲಿ ಕೊರತೆಯಿರಲಿಲ್ಲ, ಚರ್ಮದ ಬಣ್ಣ ಅಡ್ಡ ಬಂತು. ಸರ್ಕಾರ ಅವರನ್ನು ಸೇರಿಸಿಕೊಳ್ಳುವುದರ ಬದಲು ಕಪ್ಪು ಜನರಿಗೆಂದೇ ಬೇರೊಂದು ಕಾನೂನು ಶಾಲೆಯನ್ನು, ಕೆಲವೇ ಕೋಣೆಗಳಲ್ಲಿ, ತರಾತುರಿಯಲ್ಲಿ ತೆರೆಯಿತು. ಸ್ವೆಟ್ ಅದನ್ನು ಒಪ್ಪಲಿಲ್ಲ. 1950ರಲ್ಲಿ ಸುಪ್ರೀಂ ಕೋರ್ಟು, ಇದು ಸಮಾನ ಅವಕಾಶವಲ್ಲ, ಇವರನ್ನು ಸೇರಿಸಿಕೊಳ್ಳಿ ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಗೆದ್ದ ಸ್ವೆಟ್‌ಗೆ ಮಾತ್ರ ಪದವಿ ಮುಗಿಸಲಾಗಲಿಲ್ಲ. ವರ್ಷಗಟ್ಟಲೆ ನಡೆದ ಹೋರಾಟದಲ್ಲಿ ಮೈಮನಸ್ಸು ಎರಡೂ ಬಸವಳಿದಿದ್ದವು, ಓದು ನಡುವೆಯೇ ನಿಂತಿತು.

ಬಾಗಿಲು ತೆರೆದ ಮೇಲೂ ಒಳಗೆ ಬರುವವರ ದಾರಿ ಹೆಚ್ಚು ಬದಲಾಗಲಿಲ್ಲ. ಟೆಕ್ಸಸ್ ವಿಸ್ತೀರ್ಣದಲ್ಲಿ ಕರ್ನಾಟಕದ ಮೂರೂವರೆ ಪಟ್ಟಿದೆ, 254 ಕೌಂಟಿಗಳಿವೆ, ಹೈಸ್ಕೂಲುಗಳು ಸಾವಿರಕ್ಕೂ ಮೇಲೆ. ಅಲ್ಲಿ ಹೈಸ್ಕೂಲೆಂದರೆ ನಮ್ಮ ಪಿಯುಸಿಯೂ ಸೇರಿ, ಹನ್ನೆರಡನೆಯ ತರಗತಿಯವರೆಗೆ. ತೊಂಬತ್ತರ ದಶಕದ ನಡುವೆ ಇಷ್ಟೊಂದು ಶಾಲೆಗಳಲ್ಲಿ ಕೆಲವೇ ಡಜನ್ ಶಾಲೆಗಳು ಆಸ್ಟಿನ್‌ನ ಮೊದಲ ವರ್ಷದ ಸೀಟುಗಳಲ್ಲಿ ಅರ್ಧದಷ್ಟನ್ನು ತುಂಬುತ್ತಿದ್ದವು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳ ಉಳ್ಳವರ ಬಡಾವಣೆಯ ಶಾಲೆಗಳು. ಮೆಕ್ಸಿಕೋ ಗಡಿಯ ಶಾಲೆಗಳು, ಪಶ್ಚಿಮದ ಬಯಲಿನ ಸಣ್ಣ ಊರಿನ ಶಾಲೆಗಳು ಎಷ್ಟೋ ವರ್ಷ ಒಬ್ಬರನ್ನೂ ಕಳಿಸುತ್ತಿರಲಿಲ್ಲ. ಎಣ್ಣೆ ಸಿಕ್ಕಿದ ಬಯಲಿನ ಮಕ್ಕಳಿಗೇ ಆ ಎಣ್ಣೆಯಲ್ಲಿ ಕಟ್ಟಿದ ಕಾಲೇಜು ದೂರವಾಗಿತ್ತು. ಈ ಕೊರತೆ ತುಂಬಲು ಅರ್ಜಿದಾರರ ಜನಾಂಗವನ್ನೂ ಗಮನಿಸುವ ಪದ್ಧತಿ ಇತ್ತು. 1996ರಲ್ಲಿ ಹಾಪ್‌ವುಡ್ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೂ ತಳ್ಳಿಹಾಕಿತು. ಮರು ವರ್ಷ ಕಾನೂನು ಕಾಲೇಜಿಗೆ ಹೊಸದಾಗಿ ಸೇರಿದ ಕಪ್ಪು ವಿದ್ಯಾರ್ಥಿಗಳ ಸಂಖ್ಯೆ ಬೆರಳೆಣಿಕೆಗೆ ಇಳಿಯಿತು.

ಆಗ ಒಂದಿಷ್ಟು ಶಾಸಕರು, ಪ್ರಾಧ್ಯಾಪಕರು ಕೂತು ಯೋಚಿಸಿದರು. ಅವರಲ್ಲಿ ಮುಖ್ಯರು ಇರ್ಮಾ ರಾಂಗೆಲ್. ಟೆಕ್ಸಸ್ ಶಾಸನಸಭೆಗೆ ಆಯ್ಕೆಯಾದ ಮೊದಲ ಮೆಕ್ಸಿಕನ್ ಮೂಲದ ಮಹಿಳೆ. 1997ರಲ್ಲಿ ಅವರು ತಂದ ಮಸೂದೆ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಬಹುದಾದಷ್ಟು ಸರಳ. ರಾಜ್ಯದ ಯಾವುದೇ ಹೈಸ್ಕೂಲಿನಲ್ಲಿ, ತನ್ನ ತರಗತಿಯ ಮೊದಲ ನೂರಕ್ಕೆ ಹತ್ತರೊಳಗೆ ಬಂದ ವಿದ್ಯಾರ್ಥಿಗೆ ರಾಜ್ಯದ ಯಾವುದೇ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಖಾತ್ರಿ. ಪ್ರವೇಶ ಪರೀಕ್ಷೆಯ ಅಂಕ ಎಷ್ಟೇ ಇರಲಿ. ಶಾಲೆ ಯಾವುದೇ ಇರಲಿ. ಜನಾಂಗದ ಹೆಸರೇ ಕಾನೂನಿನಲ್ಲಿಲ್ಲ. ಸಾವಿರ ಮಕ್ಕಳ ತರಗತಿಯಾದರೆ ಮೊದಲ ನೂರು ಜನ, ನಲವತ್ತು ಮಕ್ಕಳ ತರಗತಿಯಾದರೆ ಮೊದಲ ನಾಲ್ವರು.

ಇದಕ್ಕೆ ಮತ ಹಾಕಿದವರು ಯಾರೆಂದು ನೋಡಿದರೆ ಮಜವಾಗಿದೆ. ಕಪ್ಪು ಶಾಸಕರು, ಮೆಕ್ಸಿಕನ್ ಮೂಲದ ಶಾಸಕರು ಸರಿಯೇ. ಅವರ ಜೊತೆ ಕೈಯೆತ್ತಿದವರಲ್ಲಿ ಹಳ್ಳಿಗಾಡಿನ ಬಿಳಿಯ ಶಾಸಕರೂ ಇದ್ದರು. ಬೇರೆ ಯಾವ ವಿಷಯಕ್ಕೂ ಒಂದೇ ಬೆಂಚಿನಲ್ಲಿ ಕೂರದ ಜನ. ತಮ್ಮ ಕ್ಷೇತ್ರದ ರೈತರ ಮಕ್ಕಳೂ ಆಸ್ಟಿನ್ ಮುಖ ನೋಡುತ್ತಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಸಹಿ ಹಾಕಿದ್ದು ಆಗ ಗವರ್ನರ್ ಆಗಿದ್ದ ಜಾರ್ಜ್ ಡಬ್ಲ್ಯು. ಬುಷ್.

ಕೇಳುಗರೇ, ಸಿಇಟಿ ರ‍್ಯಾಂಕಿನ ನಾಡಿನಲ್ಲಿ ಕೂತು ಇದನ್ನು ಕೇಳುವಾಗ ಒಂದು ಅನುಮಾನ ಬಂದೇ ಬರುತ್ತದೆ: ಇದೆಂಥ ಮೆರಿಟ್? ನಮ್ಮಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಇಡೀ ರಾಜ್ಯಕ್ಕೆ ಒಂದೇ ಪಟ್ಟಿ. ಜಯನಗರದ ಹುಡುಗಿಯನ್ನೂ ಸುರಪುರದ ಹುಡುಗಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಅಳೆಯುತ್ತೇವೆ. ಆ ಅಳತೆ ಪೂರಾ ನ್ಯಾಯವಲ್ಲ ಎಂದು ನಮಗೂ ಗೊತ್ತು. ಗ್ರಾಮೀಣ ಶಾಲೆಯಲ್ಲಿ ಹತ್ತು ವರ್ಷ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದವರಿಗೆ 5, ಕಲ್ಯಾಣ ಕರ್ನಾಟಕದವರಿಗೆ 371(ಜೆ) ಅಡಿಯಲ್ಲಿ ಅಲ್ಲಿನ ಸಂಸ್ಥೆಗಳಲ್ಲಿ 70, ಉಳಿದ ಕಡೆ 8 ಎಂದು ಮೀಸಲಿಟ್ಟಿರುವುದು ಅದಕ್ಕೇ. ಆದರೆ ಈ ಕೋಟಾಗಳ ಒಳಗೂ ಮತ್ತೆ ಅದೇ ರ‍್ಯಾಂಕು ಪಟ್ಟಿ. ತಾಲ್ಲೂಕು ಕೇಂದ್ರದ ಪಕ್ಕದ ಹಳ್ಳಿಯೂ ಬಸ್ಸೇ ಬರದ ಹಳ್ಳಿಯೂ ಒಂದೇ ಗ್ರಾಮೀಣ ಗುಂಪಿನಲ್ಲಿ ಪೈಪೋಟಿಗೆ ಬೀಳುತ್ತವೆ. ಟೆಕ್ಸಸ್ ಕೇಳುವ ಪ್ರಶ್ನೆ ಬೇರೆ. ಅದೇ ಮೇಷ್ಟ್ರು, ಅದೇ ಲ್ಯಾಬು, ಅದೇ ಗ್ರಂಥಾಲಯ ಇಟ್ಟುಕೊಂಡು ನಿನ್ನ ಜೊತೆಯವರಿಗಿಂತ ಎಷ್ಟು ಮುಂದೆ ಬಂದೆ? ನನಗೆ ಇದು ಕಡಿಮೆ ಮೆರಿಟ್ ಅನ್ನಿಸುವುದಿಲ್ಲ. ಕೆಲವು ಗಂಟೆಗಳ ಒಂದು ಪರೀಕ್ಷೆಗಿಂತ ನಾಲ್ಕು ವರ್ಷ ದಿನವೂ ಶಾಲೆಗೆ ಬಂದು ಗಳಿಸಿದ ಸ್ಥಾನ ಹೆಚ್ಚು ನಂಬಿಕೆಗೆ ಅರ್ಹ ಎಂದೇ ನನ್ನ ಭಾವನೆ.

ನನ್ನ ಭಾವನೆ ಹಾಗಿರಲಿ, ಫಲ ಏನಾಯಿತು ಎಂಬುದನ್ನೂ ನೋಡಬೇಕಲ್ಲ. ಹೊಸ ಶಾಲೆಗಳಿಂದ ಮಕ್ಕಳು ಬರತೊಡಗಿದರು. ಜೊತೆಗೆ ಬಡ ಶಾಲೆಗಳನ್ನು ಹುಡುಕಿ ವಿದ್ಯಾರ್ಥಿವೇತನ ಕೊಡುವ ಯೋಜನೆಯೂ ಬಂತು. ಸಾಂಡ್ರಾ ಬ್ಲ್ಯಾಕ್, ಜೆಫ್ರಿ ಡೆನ್ನಿಂಗ್, ಜೆಸ್ಸಿ ರಾತ್‌ಸ್ಟೀನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಈ ಮಕ್ಕಳ ಮುಂದಿನ ಬದುಕನ್ನು ಹಿಂಬಾಲಿಸಿ ನೋಡಿದರು. ಮೊದಲು ಆಸ್ಟಿನ್‌ಗೆ ಯಾರನ್ನೂ ಹೆಚ್ಚಾಗಿ ಕಳಿಸದಿದ್ದ ಶಾಲೆಗಳ ಮಕ್ಕಳು, ಈ ಕಾನೂನಿನಿಂದ ಒಳಬಂದವರು, ಪದವಿ ಮುಗಿಸುವುದರಲ್ಲೂ ಮುಂದೆ ದುಡಿಮೆಯಲ್ಲೂ ಲಾಭ ಪಡೆದರು. ಇವರಿಗೆ ಜಾಗ ಬಿಟ್ಟುಕೊಡಬೇಕಾಗಿ ಬಂದ ಉಳ್ಳವರ ಶಾಲೆಯ ಮಕ್ಕಳಿಗೆ ಹೇಳಿಕೊಳ್ಳುವಂಥ ನಷ್ಟವೇನೂ ಕಾಣಲಿಲ್ಲ. ಅವರು ಇನ್ನೊಂದು ಒಳ್ಳೆಯ ಕಾಲೇಜಿಗೆ ಹೋಗಿ ಅಷ್ಟೇ ಚೆನ್ನಾಗಿ ಬದುಕಿದರು. ಸೀಟು ಯಾರ ಕೈಯಲ್ಲಿ ಹೆಚ್ಚು ಬೆಳೆಯುತ್ತದೆ ಎಂಬ ಲೆಕ್ಕ ಪ್ರವೇಶದ ಚರ್ಚೆಗಳಲ್ಲಿ ಅಪರೂಪಕ್ಕೂ ಬರುವುದಿಲ್ಲ. ಬರಬೇಕಾದ ಮೊದಲ ಲೆಕ್ಕ ಅದೇ.

ಹಾಗೆಂದು ಸೀಟು ಕೊಟ್ಟ ಕೂಡಲೇ ಎಲ್ಲವೂ ಸರಿಹೋಯಿತು ಅಂದುಕೊಳ್ಳಬೇಡಿ. ಡೇವಿಡ್ ಲಾಡ್ ಎಂಬ ಒಬ್ಬ ರಸಾಯನಶಾಸ್ತ್ರದ ಪ್ರಾಧ್ಯಾಪಕರು ಆಸ್ಟಿನ್‌ನಲ್ಲಿ ಮೊದಲ ವರ್ಷದವರಿಗೆ ಪಾಠ ಮಾಡುತ್ತಿದ್ದರು. ನೂರಾರು ಮಕ್ಕಳ ದೊಡ್ಡ ಸಭಾಂಗಣ. ಪ್ರತಿ ವರ್ಷ ಒಂದಷ್ಟು ಮಂದಿ ಮುಗ್ಗರಿಸುವರು. ಯಾರು ಹಾಗಾಗುತ್ತಿದ್ದಾರೆ ಎಂದು ಕಡತ ತೆಗೆದು ನೋಡಿದರೆ, ಹೆಚ್ಚಿನವರು ಬಡ ಮನೆಯವರು, ಅಪ್ಪ ಅಮ್ಮ ಕಾಲೇಜು ಮೆಟ್ಟಿಲು ಹತ್ತದವರು, ಪ್ರವೇಶ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದವರು. ಇಂಥವರಿಗೆ ಎಲ್ಲ ಕಡೆ ಮಾಡುವ ಉಪಾಯ ಒಂದೇ: ಪಾಠ ಸುಲಭ ಮಾಡಿ, ಬೇರೆ ಕೂರಿಸಿ, ಹಿಂದುಳಿದವರ ತರಗತಿ ಎಂದು ನಡೆಸುವುದು. ಲಾಡ್ ಹಾಗೆ ಮಾಡಲಿಲ್ಲ. 1999ರಲ್ಲಿ ಇಂಥ ಐವತ್ತು ಮಂದಿಯನ್ನು ಆರಿಸಿದರು. ಪರೀಕ್ಷೆಯ ಅಂಕದಲ್ಲಿ ಉಳಿದವರಿಗಿಂತ ಇವರು ಸರಾಸರಿ 200ರಷ್ಟು ಹಿಂದೆ. ಇವರನ್ನು ಐವತ್ತೇ ಜನರ ಸಣ್ಣ ತರಗತಿಯಲ್ಲಿ ಕೂರಿಸಿದರು. ಪಾಠ ಅದೇ, ಪ್ರಶ್ನೆಪತ್ರಿಕೆ ಅದೇ, ಪಾಠ ಮಾಡುವವರೂ ಅವರೇ. ಮೇಲೆ ಒಂದಿಷ್ಟು ಟ್ಯೂಷನ್, ಹಿರಿಯ ವಿದ್ಯಾರ್ಥಿಗಳ ಒತ್ತಾಸೆ, ಏನಾದರೂ ತೊಡಕಾದರೆ ಹೋಗಿ ಕೇಳಲು ಒಬ್ಬರು. ಕೋರ್ಸಿನ ಕೊನೆಗೆ ಈ ಐವತ್ತು ಜನರ ಗ್ರೇಡು ದೊಡ್ಡ ತರಗತಿಯವರ ಗ್ರೇಡಿಗೆ ಸರಿಸಮ ಬಂತು.

ನಾನು ಈ ಪ್ರಸಂಗದ ಮೇಲೆ ಇಷ್ಟು ಹೊತ್ತು ನಿಂತಿದ್ದಕ್ಕೆ ಕಾರಣವಿದೆ. ಪ್ರವೇಶದ ಬಗ್ಗೆ ನಾವು ಹಾಕುವ ಕೂಗಿನಲ್ಲಿ ಹತ್ತರಲ್ಲೊಂದು ಪಾಲನ್ನೂ ಪ್ರವೇಶವಾದ ಮೇಲಿನ ಮೊದಲ ಆರು ತಿಂಗಳ ಬಗ್ಗೆ ಹಾಕುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿಗೆ ಬಂದು, ಮೊದಲ ಸೆಮಿಸ್ಟರಿನಲ್ಲಿ ಗಣಿತ ಬ್ಯಾಕ್ ಆಗಿ, ಹಾಸ್ಟೆಲಿನ ಮಂಚದ ಮೇಲೆ ಮುದುಡಿ ಕೂತ ಹುಡುಗನನ್ನು ನಮ್ಮ ಎಷ್ಟು ಮೇಷ್ಟರುಗಳು ಕಂಡಿಲ್ಲ? ಕೋಟಾ ಅವನನ್ನು ಗೇಟಿನವರೆಗೆ ತಂದು ಬಿಡುತ್ತದೆ. ಲಾಡ್ ಮುಂದೆ ತಮ್ಮ ಆ ಪ್ರಯೋಗವನ್ನೇ ಇಡೀ ವಿಶ್ವವಿದ್ಯಾಲಯದ ಸಾವಿರಾರು ಮಕ್ಕಳಿಗೆ ವಿಸ್ತರಿಸಿದರು. ನಾಲ್ಕು ವರ್ಷದಲ್ಲಿ ಪದವಿ ಮುಗಿಸುವವರ ಪ್ರಮಾಣ ನೂರಕ್ಕೆ 50ರ ಆಸುಪಾಸಿನಿಂದ 2018ರ ಹೊತ್ತಿಗೆ ಸುಮಾರು 70ಕ್ಕೆ ಏರಿತು.

ಇನ್ನು ದೂರುಗಳು. ಅವಕ್ಕೇನೂ ಕೊರತೆಯಿಲ್ಲ, ಮತ್ತು ಎಲ್ಲವೂ ಸ್ವಾರ್ಥದ ದೂರುಗಳಲ್ಲ. ಡಲ್ಲಾಸ್ ಪಕ್ಕದ ಪ್ಲೇನೋ, ಫ್ರಿಸ್ಕೋ ಕಡೆ ನಮ್ಮ ಕನ್ನಡಿಗರ ಮನೆಗಳೂ ಸಾಕಷ್ಟಿವೆ. ಒಳ್ಳೆಯ ಶಾಲೆ ಸಿಗಲೆಂದೇ ದುಬಾರಿ ಸಾಲ ತೆಗೆದು ಆ ಬಡಾವಣೆಯಲ್ಲಿ ಮನೆ ಕೊಳ್ಳುತ್ತಾರೆ. ಆಮೇಲೆ ನೋಡಿದರೆ ಆ ಶಾಲೆಯಲ್ಲಿ ಎಲ್ಲರ ಮಕ್ಕಳೂ ಹಾಗೇ ಓದುವವರು. ನೂರಕ್ಕೆ 95 ತೆಗೆದ ಮಗಳು ಮೊದಲ ಹತ್ತರ ಹೊರಗೆ. ತರಗತಿಯ ಸ್ಥಾನವನ್ನು ದಶಾಂಶದ ಮೂರನೆಯ, ನಾಲ್ಕನೆಯ ಅಂಕಿಯವರೆಗೆ ಲೆಕ್ಕ ಹಾಕುವ ಶಾಲೆಗಳಿವೆ. ಕಠಿಣ ವಿಷಯಗಳಿಗೆ ಹೆಚ್ಚಿನ ತೂಕ ಇರುವುದರಿಂದ ಆ ತೂಕವಿಲ್ಲದ ಸಂಗೀತವೋ ಚಿತ್ರಕಲೆಯೋ ತೆಗೆದುಕೊಂಡರೆ ಸರಾಸರಿ ಇಳಿಯುತ್ತದೆ. ಹಾಗಾಗಿ ಮಕ್ಕಳು ಪಿಟೀಲು ಕೆಳಗಿಡುತ್ತಾರೆ. ಇನ್ನು ಕೆಲವರು ಮಕ್ಕಳನ್ನು ಪೈಪೋಟಿ ಕಡಿಮೆಯಿರುವ ಶಾಲೆಗೇ ಸೇರಿಸಿಬಿಡುತ್ತಾರೆ. ನಮ್ಮಲ್ಲಿ ರಾಯಚೂರಿನ ಹುಡುಗನನ್ನು ಮಂಗಳೂರು ಕಡೆಯ ಪಿಯು ಕಾಲೇಜಿಗೆ ಕಳಿಸುವುದು ವಾಡಿಕೆ. ಟೆಕ್ಸಸ್‌ನ ಗಣಿತ ಕೆಲವು ಮನೆಗಳನ್ನು ಉಲ್ಟಾ ದಿಕ್ಕಿಗೆ ಎಳೆಯಿತು. ಶ್ರೀಮಂತನೊಬ್ಬ ತನ್ನ ಮಗನನ್ನು ಸಾಧಾರಣ ಶಾಲೆಗೆ ತಾನಾಗಿಯೇ ಸೇರಿಸುವಂತೆ ಮಾಡಿದ ಕಾನೂನು ಲೋಕದಲ್ಲಿ ಬೇರೆ ಇದೆಯೋ ಇಲ್ಲವೋ!

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ. ಈ ಕಾನೂನು ಎಲ್ಲ ಜನಾಂಗದವರನ್ನೂ ಒಳಗೆ ತರುವುದು ಶಾಲೆಗಳು ಬೇರೆಬೇರೆಯಾಗಿ ಉಳಿದಿದ್ದರೆ ಮಾತ್ರ. ಕಪ್ಪು ಮಕ್ಕಳದೇ ಶಾಲೆ, ಸ್ಪ್ಯಾನಿಷ್ ಮಾತಾಡುವವರದೇ ಶಾಲೆ, ಬಿಳಿಯರದೇ ಶಾಲೆ ಎಂದು ಊರುಗಳು ಒಡೆದುಕೊಂಡಿರುವುದರಿಂದಲೇ ಪ್ರತಿ ಶಾಲೆಯ ಮೇಲಿನ ಹತ್ತನ್ನು ತೆಗೆದರೆ ಎಲ್ಲರೂ ಸಿಗುತ್ತಾರೆ. ನಾಳೆ ಶಾಲೆಗಳು ನಿಜವಾಗಿ ಬೆರೆತರೆ ಈ ಲೆಕ್ಕ ಕೆಲಸ ಮಾಡುವುದಿಲ್ಲ. ಒಂದು ಹಳೆಯ ಅನ್ಯಾಯ ಹಾಗೇ ಮುಂದುವರಿಯುತ್ತದೆ ಎಂಬ ಭರವಸೆಯ ಮೇಲೆ ನಿಂತ ನ್ಯಾಯ ಇದು. ಇದಕ್ಕೆ ನನ್ನಲ್ಲಿ ಸಮಾಧಾನದ ಮಾತಿಲ್ಲ.

ಆಸ್ಟಿನ್‌ನ ಆಡಳಿತದವರಿಗೆ ಬೇರೆಯೇ ಚಿಂತೆ. 2008ರ ಹೊತ್ತಿಗೆ ಟೆಕ್ಸಸ್‌ನಿಂದ ಸೇರಿದ ಹೊಸಬರಲ್ಲಿ ನೂರಕ್ಕೆ 81 ಮಂದಿ ಈ ಒಂದೇ ಕಾನೂನಿನ ಬಾಗಿಲಿನಿಂದ ಬಂದವರು. ನಮಗೆ ಆರಿಸಿಕೊಳ್ಳಲು ಏನೂ ಉಳಿಯುತ್ತಿಲ್ಲ ಎಂದು ಅವರು ಸರ್ಕಾರಕ್ಕೆ ಹೋಗಿ ಹೇಳಿಕೊಂಡರು. 2009ರಲ್ಲಿ ಆಸ್ಟಿನ್‌ಗೆ ಮಾತ್ರ ಒಂದು ತಿದ್ದುಪಡಿ ಬಂತು. ರಾಜ್ಯದವರ ಸೀಟುಗಳಲ್ಲಿ ನೂರಕ್ಕೆ 75 ತುಂಬುವವರೆಗೆ ಖಾತ್ರಿ ಪ್ರವೇಶ, ಮಿಕ್ಕದ್ದಕ್ಕೆ ಪ್ರಬಂಧ, ಚಟುವಟಿಕೆ, ಮನೆಯ ಪರಿಸ್ಥಿತಿ ಎಲ್ಲವನ್ನೂ ನೋಡಿ ಆಯ್ಕೆ. ಹೊರರಾಜ್ಯ, ಹೊರದೇಶದವರಿಗೆ ನೂರಕ್ಕೆ ಹತ್ತರ ಮಿತಿ. ಆ 75ರೊಳಗೆ ಹಿಡಿಸಬೇಕಾದ್ದರಿಂದ ಹತ್ತು ಹತ್ತಾಗಿ ಉಳಿಯಲಿಲ್ಲ. 2011ರಲ್ಲಿ ಎಂಟು, ಆಮೇಲೆ ಏಳು, ಆರು. 2026ರಲ್ಲಿ ಸೇರುವವರಿಗೆ ಐದು. ನಲವತ್ತು ಮಕ್ಕಳ ಹಳ್ಳಿಶಾಲೆಯಲ್ಲಿ ನಾಲ್ವರಿದ್ದ ಜಾಗದಲ್ಲಿ ಈಗ ಇಬ್ಬರು. ಅವರಿಗೂ ವಿಶ್ವವಿದ್ಯಾಲಯ ಖಾತ್ರಿಯೇ ಹೊರತು ಕಂಪ್ಯೂಟರ್ ಸೈನ್ಸೋ ಬಿಸಿನೆಸ್ಸೋ ಖಾತ್ರಿಯಿಲ್ಲ.

ಮಿಕ್ಕ 25ರ ಆಯ್ಕೆಯಲ್ಲಿ ಜನಾಂಗವನ್ನು ನೋಡಬಹುದೇ ಎಂಬ ಜಗಳ, 2008ರಲ್ಲಿ ಸೀಟು ಸಿಗದ ಅಬಿಗೇಲ್ ಫಿಷರ್ ಎಂಬ ಯುವತಿಯ ಮೊಕದ್ದಮೆಯಾಗಿ ಎರಡು ಸಲ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2016ರಲ್ಲಿ ವಿಶ್ವವಿದ್ಯಾಲಯ ನಾಲ್ಕು ಮೂರರ ಅಂತರದಲ್ಲಿ ಗೆದ್ದಿತು. 2023ರಲ್ಲಿ ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ವಿರುದ್ಧ ಬಂದ ತೀರ್ಪು ಆ ದಾರಿಯನ್ನು ದೇಶಕ್ಕೆಲ್ಲ ಮುಚ್ಚಿತು. ರಾಂಗೆಲ್ ತಂದ ಕಾನೂನು ಮಾತ್ರ ಅಲುಗಲಿಲ್ಲ.

ಈ ಇಡೀ ಕಥೆಯಲ್ಲಿ ರಾಜ್ಯದವರು ಎಂದರೆ ಯಾರು ಎಂಬ ಪ್ರಶ್ನೆ ಒಳಗೊಳಗೇ ಇದೆ. ಅದು ಬರೀ ಅಭಿಮಾನದ ಮಾತಲ್ಲ. ಆಸ್ಟಿನ್‌ನಲ್ಲಿ ರಾಜ್ಯದವರಿಗೆ ವರ್ಷದ ಬೋಧನಾ ಶುಲ್ಕ ಹನ್ನೊಂದು, ಹನ್ನೆರಡು ಸಾವಿರ ಡಾಲರಿನ ಆಸುಪಾಸು, ಹೊರಗಿನವರಿಗೆ ನಲವತ್ತು ಸಾವಿರದ ಮೇಲೆ. 2001ರಲ್ಲಿ ಟೆಕ್ಸಸ್, ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದವರ ಮಕ್ಕಳೂ ಇಲ್ಲೇ ಹೈಸ್ಕೂಲು ಓದಿದ್ದರೆ ರಾಜ್ಯದವರ ಶುಲ್ಕವನ್ನೇ ಕಟ್ಟಬಹುದು ಎಂದಿತು. ಹಾಗೆಂದ ಮೊದಲ ರಾಜ್ಯ ಅದು. 2025ರ ಜೂನಿನಲ್ಲಿ ಕೇಂದ್ರ ಸರ್ಕಾರ ಅದರ ವಿರುದ್ಧ ಕೋರ್ಟಿಗೆ ಹೋಯಿತು. ರಾಜ್ಯ ಸರ್ಕಾರ ವಾದಿಸುವ ಗೋಜಿಗೂ ಹೋಗದೆ ಒಪ್ಪಿಕೊಂಡಿತು, ಕಾನೂನು ಅದೇ ದಿನ ಬಿದ್ದುಹೋಯಿತು. ನಮ್ಮವರ ಮಕ್ಕಳ ಸಂಗತಿ ಇನ್ನೊಂದು ಬಗೆ. ಅಪ್ಪ ಅಮ್ಮನ ಎಚ್-1ಬಿ ಉದ್ಯೋಗ ವೀಸಾದ ನೆರಳಿನಲ್ಲಿ ಬೆಳೆದವರನ್ನು ಟೆಕ್ಸಸ್ ತನ್ನವರೆಂದೇ ಎಣಿಸುತ್ತದೆ. ಆದರೆ 21 ತುಂಬಿದರೆ ಆ ವೀಸಾದ ಆಸರೆ ತಪ್ಪುತ್ತದೆ. ಪದವಿಯ ಮೂರನೆಯ ವರ್ಷದಲ್ಲಿ, ಇದ್ದಕ್ಕಿದ್ದಂತೆ, ವಿದೇಶಿ ವಿದ್ಯಾರ್ಥಿಯಾಗಿಬಿಡುವ ಭಯದಲ್ಲೇ ಓದುವವರಿದ್ದಾರೆ.

ಕ್ಯಾಲಿಫೋರ್ನಿಯಾ ಬೇರೆ ದಾರಿ ಹಿಡಿಯಿತು, ಅದನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. 1960ರ ಮಹಾಯೋಜನೆಯಲ್ಲಿ, ಎಂಟರಲ್ಲಿ ಒಬ್ಬರಿಗೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಮೂವರಲ್ಲಿ ಒಬ್ಬರಿಗೆ ಸ್ಟೇಟ್ ಕಾಲೇಜುಗಳು, ಉಳಿದೆಲ್ಲರಿಗೂ ಊರಿನ ಕಮ್ಯುನಿಟಿ ಕಾಲೇಜು ಎಂದು ಅದು ಜಾಗ ಹಂಚಿತು. ಅಲ್ಲೂ ಈಗ ಮೇಲಿನ ನೂರಕ್ಕೆ ಒಂಬತ್ತರೊಳಗಿದ್ದರೆ ಪ್ರವೇಶ ಖಾತ್ರಿ. ಆದರೆ ಬರ್ಕ್ಲಿಯಲ್ಲಿ ಅಲ್ಲ, ಲಾಸ್ ಏಂಜಲೀಸಿನಲ್ಲೂ ಅಲ್ಲ, ಜಾಗ ಉಳಿದ ಕ್ಯಾಂಪಸ್ಸಿನಲ್ಲಿ. ಹೆಚ್ಚಾಗಿ ಅದು 2005ರಲ್ಲಿ ತೆರೆದ ಮರ್ಸೆಡ್.

ಕ್ಯಾಲಿಫೋರ್ನಿಯಾ ಕ್ಯಾಂಪಸ್ಸುಗಳನ್ನು ಕಟ್ಟಿತು, ಟೆಕ್ಸಸ್ ಇದ್ದದ್ದನ್ನು ಹಂಚುವ ಜಾಣ್ಮೆ ತೋರಿತು. 1997ರಲ್ಲಿ ಟೆಕ್ಸಸ್‌ನ ಜನಸಂಖ್ಯೆ ಎರಡು ಕೋಟಿಯ ಹತ್ತಿರ, ಈಗ ಮೂರು ಕೋಟಿ ದಾಟಿದೆ. ವರ್ಷಕ್ಕೆ ಮೂರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಹೈಸ್ಕೂಲು ಮುಗಿಸುತ್ತಾರೆ. ಆಸ್ಟಿನ್‌ಗೆ ಬರುವ ಅರ್ಜಿ ಎಪ್ಪತ್ತು ಸಾವಿರ ಮೀರಿದೆ, ಹೊಸಬರಿಗೆ ಜಾಗ ಇರುವುದು ಸುಮಾರು ಒಂಬತ್ತು ಸಾವಿರ. ವರ್ಷಕ್ಕೆ ಒಂದು ಲಕ್ಷ ಡಾಲರಿನೊಳಗೆ ವರಮಾನವಿರುವ ಮನೆಯ ಮಕ್ಕಳಿಗೆ 2025ರಿಂದ ಬೋಧನಾ ಶುಲ್ಕವೇ ಇಲ್ಲ ಎಂದು ಆಡಳಿತ ಮಂಡಳಿ ಘೋಷಿಸಿದ ಮೇಲಂತೂ ಬಡವರ ಆಸೆ ಚಿಗುರಿದೆ, ಅದು ಒಳ್ಳೆಯದೇ. ಹತ್ತನ್ನು ಐದು ಮಾಡಿದ್ದಾಯಿತು. ಐದನ್ನು ಮೂರು ಮಾಡಬಹುದು. ಯಾವ ಸೂತ್ರ ಹಾಕಿದರೂ ಒಂಬತ್ತು ಸಾವಿರ ಕುರ್ಚಿ ಇಪ್ಪತ್ತು ಸಾವಿರವಾಗುವುದಿಲ್ಲ.

ಇದು ಅಲ್ಲಿನವರಿಗೂ ಹೊಳೆದಂತಿದೆ. 2023ರ ನವೆಂಬರಿನಲ್ಲಿ ಟೆಕ್ಸಸ್ ಮತದಾರರು ಸಂವಿಧಾನ ತಿದ್ದುಪಡಿಯೊಂದಕ್ಕೆ ಹೂಂ ಎಂದು, ಸುಮಾರು 390 ಕೋಟಿ ಡಾಲರಿನ ಒಂದು ಹೊಸ ನಿಧಿಗೆ ಒಪ್ಪಿಗೆ ಕೊಟ್ಟರು. ಅದರ ಹಣ ಆಸ್ಟಿನ್‌ಗೂ ಇಲ್ಲ, ಎ ಆ್ಯಂಡ್ ಎಂಗೂ ಇಲ್ಲ. ಲಬ್ಬಕ್‌ನ ಟೆಕ್ಸಸ್ ಟೆಕ್, ಯೂನಿವರ್ಸಿಟಿ ಆಫ್ ಹ್ಯೂಸ್ಟನ್, ನಾರ್ತ್ ಟೆಕ್ಸಸ್, ಟೆಕ್ಸಸ್ ಸ್ಟೇಟ್ ಈ ನಾಲ್ಕಕ್ಕೆ. ಇವೂ ಸಂಶೋಧನೆಯಲ್ಲಿ ಮೊದಲ ಸಾಲಿಗೆ ಬರಲಿ ಎಂಬ ಉದ್ದೇಶ. ಒಂದು ವಿಶ್ವವಿದ್ಯಾಲಯ ಹೆಸರು ಮಾಡಲು ಎರಡು ಮೂರು ದಶಕ ಬೇಕು, ಮನೆಯವರು ಅದನ್ನು ನಂಬಲು ಇನ್ನೊಂದು ದಶಕ. ಅಲ್ಲಿಯವರೆಗೆ ಪ್ಲೇನೋದ ತಾಯಂದಿರು ದಶಾಂಶದ ಅಂಕಿ ಎಣಿಸುತ್ತಲೇ ಇರುತ್ತಾರೆ, ಶಾಸಕರು ಐದೋ ಆರೋ ಎಂದು ಚೌಕಾಸಿ ಮಾಡುತ್ತಲೇ ಇರುತ್ತಾರೆ.